ಒಂದೇ ಹಾಸಿಗೆ, ನಾಲ್ಕು ಮೈ

ಹಾಸಿಗೆ ಮನೆಗೆ ಬಂದ ಹನ್ನೊಂದನೇ ದಿನ ಅಕ್ಕನ ಫೋನ್ ಬಂತು.

“ನೀನು ಫೋಮ್ ಫ್ಯಾಕ್ಟರಿಯಲ್ಲಿ ಇದ್ದವನಲ್ವೇನೋ, ಬಂದು ನೋಡು ಇದನ್ನ. ನನಗೆ ಹಲಗೆ ಮೇಲೆ ಮಲಗಿದ ಹಾಗಾಗುತ್ತೆ. ಬೆಳಗಿನ ಜಾವ ಮೂರಕ್ಕೆ ತೋಳು ಜೋಮು ಹಿಡಿದು ಎಚ್ಚರ ಆಗುತ್ತೆ. ನಿಮ್ಮ ಭಾವ ಕೆಸರಲ್ಲಿ ಹೂತುಹೋದ ಹಾಗಿದೆ ಅಂತಾರೆ, ಅವರಿಗೆ ಸೊಂಟ ಹಿಡ್ಕೊಂಡಿದೆ. ಇಬ್ಬರಲ್ಲಿ ಯಾರೋ ಒಬ್ಬರು ಸುಳ್ಳು ಹೇಳ್ತಿರಬೇಕು.”

ಇಬ್ಬರೂ ನಿಜವನ್ನೇ ಹೇಳುತ್ತಿದ್ದರು. ಅದನ್ನು ತೋರಿಸಿಕೊಡಲು ನನಗೆ ಎರಡು ತಿಂಗಳು ಹಿಡಿಯಿತು. ಅದರಲ್ಲಿ ಎರಡು ವಾರ ನನ್ನದೇ ತಪ್ಪಿನಿಂದ ಹಾಳಾಯಿತು.

ಕಂಪನಿ 100 ರಾತ್ರಿಗಳ ಗಡುವು ಕೊಟ್ಟಿತ್ತು. ಅಷ್ಟರೊಳಗೆ ಬೇಡ ಎಂದರೆ ಹಾಸಿಗೆ ವಾಪಸ್, ಹಣ ವಾಪಸ್. ಭಾವನ ಯೋಜನೆ ಇನ್ನೂ ದೊಡ್ಡದಿತ್ತು. ಇದು ಚೆನ್ನಾಗಿದ್ದರೆ ಮಗಳ ಕೋಣೆಗೆ ಒಂದು, ಅಕ್ಕನ ಅತ್ತೆಯ ಕೋಣೆಗೆ ಒಂದು, ಇಂಥದ್ದೇ ಇನ್ನೆರಡು ತರಿಸುವುದು. ಹಾಗಾಗಿ ಪರೀಕ್ಷೆ ಅವರಿಬ್ಬರದ್ದಷ್ಟೇ ಅಲ್ಲ, ನಾಲ್ವರದ್ದು.

ಹಾಸಿಗೆಯ ಒಳಗೇನಿದೆ

ನಾನು ಒಂಬತ್ತು ವರ್ಷ ಫೋಮ್ ತಯಾರಿಕೆಯಲ್ಲಿ ಗುಣಮಟ್ಟ ಪರೀಕ್ಷೆ ಮಾಡಿದವನು. ಮಾರುವ ಕೆಲಸ ಮಾಡಿದ್ದಿಲ್ಲ, ಒತ್ತಿ ಅಳೆಯುವ ಕೆಲಸ ಮಾಡಿದ್ದೆ. ಹೋದವನೇ ಮೊದಲು ಚೀಟಿ ಓದಿ, ಕವರಿನ ಜಿಪ್ ತೆಗೆದು ಪದರಗಳನ್ನು ಅಳೆದೆ. ಒಟ್ಟು 28 ಸೆಂ.ಮೀ. ದಪ್ಪ. ತಳದಲ್ಲಿ 2 ಸೆಂ.ಮೀ. ಗಡಸು ಫೋಮ್, ಅದರ ಮೇಲೆ 17 ಸೆಂ.ಮೀ. ಎತ್ತರದ ಪಾಕೆಟ್ ಸ್ಪ್ರಿಂಗು, ನಡುವೆ 3 ಸೆಂ.ಮೀ. ಸಾಧಾರಣ ಪಾಲಿಯುರೆಥೇನ್ ಫೋಮ್, ಮೇಲೆ 4 ಸೆಂ.ಮೀ. ಮೆಮೊರಿ ಫೋಮ್ (ಮೈಯ ಬಿಸಿಗೆ ಮೆತ್ತಗಾಗಿ ಮೈಯ ಅಚ್ಚು ಹಿಡಿಯುವ ಫೋಮ್), ಎಲ್ಲಕ್ಕೂ ಮೇಲೆ 2 ಸೆಂ.ಮೀ. ಹೊಲಿದ ಹೊದಿಕೆ. ಕೆಳಗೆ ಸ್ಪ್ರಿಂಗು, ಮೇಲೆ ಫೋಮು ಇದ್ದರೆ ಅದನ್ನು ಹೈಬ್ರಿಡ್ ಅನ್ನುತ್ತಾರೆ.

ಇದರಲ್ಲಿ ಹೊಸ ವಸ್ತು ಯಾವುದೂ ಇಲ್ಲ. ಒಂದೊಂದು ಸ್ಪ್ರಿಂಗನ್ನೂ ಬಟ್ಟೆಯ ಚೀಲದಲ್ಲಿ ಹೊಲಿಯುವ ಉಪಾಯ ಕೆನಡಾದ ಜೇಮ್ಸ್ ಮಾರ್ಷಲ್‌ನದು, 1900ರ ಸುಮಾರಿನದು. ಮೆಮೊರಿ ಫೋಮ್ 1966ರಲ್ಲಿ ನಾಸಾದ ಏಮ್ಸ್ ಸಂಶೋಧನಾ ಕೇಂದ್ರದ ಕೆಲಸದಲ್ಲಿ, ವಿಮಾನದ ಸೀಟಿಗೆಂದು ಹುಟ್ಟಿದ್ದು. ಎರಡನ್ನೂ ಒಂದರ ಮೇಲೊಂದಿಟ್ಟು ಹೊಲಿದರೆ ಎರಡರ ಗುಣವೂ ಸಿಗುತ್ತದೆ ಅನ್ನುವುದು ಲೆಕ್ಕಾಚಾರ. ಮೈಯ ಉಬ್ಬು ತಗ್ಗುಗಳನ್ನು ಫೋಮ್ ತುಂಬಬೇಕು, ಭಾರವನ್ನು ಸ್ಪ್ರಿಂಗು ಹೊರಬೇಕು.

ಚೀಟಿಯ ಮೇಲೆ ದೊಡ್ಡಕ್ಷರದಲ್ಲಿ “ಮೀಡಿಯಂ ಫರ್ಮ್, 10ಕ್ಕೆ 6.5” ಎಂದಿತ್ತು.

ಆ 6.5ರ ಬಗ್ಗೆ ಸ್ವಲ್ಪ ಹೇಳಲೇಬೇಕು. ನಾವು ಫೋಮಿನ ಗಟ್ಟಿತನ ಅಳೆಯುತ್ತಿದ್ದದ್ದು ಹೀಗೆ: ಸುಮಾರು 20 ಸೆಂ.ಮೀ. ಅಗಲದ ದುಂಡು ತಟ್ಟೆಯನ್ನು ಯಂತ್ರದಿಂದ ಫೋಮಿನ ಮೇಲೆ ಒತ್ತುವುದು. ದಪ್ಪದ ಶೇ. 25ರಷ್ಟು ಒಳಗಿಳಿಸಲು ಎಷ್ಟು ಬಲ ಬೇಕಾಯಿತೋ ಅದು ಗಟ್ಟಿತನ. ಆಮೇಲೆ ಶೇ. 65ರವರೆಗೆ ಇಳಿಸಿ ಮತ್ತೊಮ್ಮೆ ಬಲ ಓದುವುದು. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಆ ಫೋಮ್ ಎಷ್ಟು ಆಸರೆ ಕೊಡುತ್ತದೆ ಅನ್ನುವುದು ಗೊತ್ತಾಗುತ್ತದೆ. ಸಾಧಾರಣ ಫೋಮಿಗೆ ಈ ಅಂಕಿ 2ರ ಆಸುಪಾಸು, ಒಳ್ಳೆಯದಕ್ಕೆ ಅದಕ್ಕಿಂತ ಮೇಲೆ. ಬೆರಳಿಗೆ ಒಂದೇ ಥರ ಅನ್ನಿಸುವ ಎರಡು ಫೋಮುಗಳಲ್ಲಿ ಒಂದು ದಪ್ಪ ಮೈಯವರನ್ನು ಅರ್ಧದಲ್ಲೇ ತಡೆದು ನಿಲ್ಲಿಸುತ್ತದೆ, ಇನ್ನೊಂದು ಕೈಬಿಡುತ್ತದೆ. ವ್ಯತ್ಯಾಸ ಕಾಣುವುದು ಆ ಎರಡನೇ ಓದಿನಲ್ಲಿ ಮಾತ್ರ. ಅಂಗಡಿಯಲ್ಲಿ ಕೈಯಿಂದ ಒತ್ತಿ ನೋಡುವವರು ಮೊದಲನೆಯದನ್ನಷ್ಟೇ ನೋಡಿ ಬರುತ್ತಾರೆ.

10ಕ್ಕೆ 6.5 ಎಂಬುದು ಈ ಯಂತ್ರ ಕೊಟ್ಟ ಅಂಕಿಯಲ್ಲ. ಹಾಗೆ ಅಂಕ ಕೊಡಲು ಎಲ್ಲ ಕಂಪನಿಗಳೂ ಒಪ್ಪಿಕೊಂಡ ಅಳತೆಯೇ ಇಲ್ಲ. ಅವರವರ ಮನಸ್ಸಿಗೆ ಬಂದದ್ದನ್ನು ಅವರವರು ಅಚ್ಚು ಹಾಕಿಕೊಳ್ಳುತ್ತಾರೆ. ಅಂದಹಾಗೆ, ಡೆನ್ಸಿಟಿ ಜಾಸ್ತಿ ಇದ್ದರೆ ಹಾಸಿಗೆ ಗಟ್ಟಿ ಎಂದು ಹೇಳುವ ಮಾರಾಟಗಾರರನ್ನು ನಂಬಬೇಡಿ. ಒಂದು ಘನ ಮೀಟರಿಗೆ ಎಷ್ಟು ಕಿಲೋ ಎಂಬುದು ಫೋಮ್ ಎಷ್ಟು ಕಾಲ ಬಾಳುತ್ತದೆ ಅನ್ನುವುದರ ಸುಳಿವು. ಮೆತ್ತಗಿದ್ದೂ ಭಾರವಾದ ಫೋಮ್ ಇದೆ, ಗಡಸಾಗಿದ್ದೂ ಹಗುರವಾದದ್ದೂ ಇದೆ.

ಭಾವನ ಹತ್ತಿರ ಇನ್ನೊಂದು ಆಧಾರವಿತ್ತು. “ಬೆನ್ನುನೋವಿಗೆ ಮೀಡಿಯಂ ಫರ್ಮ್ ಒಳ್ಳೇದು ಅಂತ ಸಂಶೋಧನೆಯೇ ಇದೆ, ಅದಕ್ಕೇ ಇದನ್ನ ತಗೊಂಡಿದ್ದು” ಎಂದರು. ಇದೆ, ನಿಜ. 2003ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಸ್ಪೇನಿನ ಅಧ್ಯಯನ. ಬಹುಕಾಲದ ಸೊಂಟನೋವಿದ್ದ 313 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಗಡಸು ಹಾಸಿಗೆ, ಇನ್ನೊಂದಕ್ಕೆ ಮಧ್ಯಮ ಗಡಸಿನದು ಕೊಟ್ಟು 90 ದಿನ ನೋಡಿದರು. ಮಲಗಿದಾಗಿನ ನೋವು, ಎದ್ದಾಗಿನ ನೋವು, ದಿನದ ಓಡಾಟಕ್ಕೆ ಆಗುವ ಅಡ್ಡಿ, ಮೂರರಲ್ಲೂ ಮಧ್ಯಮ ಗುಂಪಿನವರು ಹೆಚ್ಚು ಸುಧಾರಿಸಿದ್ದರು. ಹಾಸಿಗೆಯನ್ನು ಎಷ್ಟು ಗಡಸು ಮಾಡಿದರೆ ಬೆನ್ನಿಗೆ ಅಷ್ಟು ಒಳ್ಳೆಯದು ಎಂಬ ಹಳೆಯ ನಂಬಿಕೆಗೆ ಅದು ಸರಿಯಾದ ಪೆಟ್ಟು.

ಆದರೆ ಅಲ್ಲಿ ಬಳಸಿದ ಯುರೋಪಿನ ಅಳತೆಗೋಲು ತಿರುವುಮುರುವು. ಅದರಲ್ಲಿ 1 ಅಂದರೆ ಅತಿ ಗಡಸು, 10 ಅಂದರೆ ಅತಿ ಮೆತ್ತಗೆ. ಅಧ್ಯಯನದ ಗಡಸು ಹಾಸಿಗೆ 2.3, ಮಧ್ಯಮದ್ದು 5.6. ಈ ಚೀಟಿಯ 6.5ರಲ್ಲಿ ಅಂಕಿ ಏರಿದಷ್ಟೂ ಹಾಸಿಗೆ ಗಡಸು. ಎರಡನ್ನೂ ಪಕ್ಕಪಕ್ಕ ಇಟ್ಟು “ಹೆಚ್ಚುಕಮ್ಮಿ ಒಂದೇ” ಅನ್ನುವುದಕ್ಕಾಗುವುದಿಲ್ಲ. ಜೊತೆಗೆ ಅಲ್ಲಿದ್ದವರೆಲ್ಲ ಸೊಂಟನೋವಿನವರು. ಮಗ್ಗುಲಾಗಿ ಮಲಗಿ ತೋಳು ಜೋಮು ಹಿಡಿಸಿಕೊಳ್ಳುವ 54 ಕಿಲೋದ ಹೆಂಗಸಿಗೆ ಅದು ಉತ್ತರವಲ್ಲ.

ಭಾವ: 98 ಕಿಲೋ, ಅಂಗಾತ

ಭಾವ ಮಲಗುವುದು ಅಂಗಾತ. ರಾತ್ರಿಯಿಡೀ ಹೆಚ್ಚು ಹೊರಳುವುದಿಲ್ಲ, ಗೊರಕೆ ಮಾತ್ರ ಜೋರು. ಅವರನ್ನು ಮಲಗಿಸಿ ಸೊಂಟದ ಕೆಳಗೆ ನನ್ನ ಅಂಗೈ ತೂರಿಸಿದೆ. ಇದು ಹಳೆಯ ಉಪಾಯ. ಕೈ ಸಲೀಸಾಗಿ ಆ ಕಡೆ ಬಂದುಬಿಟ್ಟರೆ ಹಾಸಿಗೆ ಗಡಸು, ಸೊಂಟದ ಕಮಾನು ಗಾಳಿಯಲ್ಲಿ ನಿಂತಿದೆ ಎಂದು ಅರ್ಥ. ಕೈ ಒಳಗೇ ಹೋಗದಿದ್ದರೆ ಪೃಷ್ಠದ ಭಾಗ ಆಳಕ್ಕಿಳಿದಿದೆ ಎಂದು. ಸ್ವಲ್ಪ ಬಿಗಿಯಾಗಿ, ಎಳೆದರೆ ಬರುವ ಹಾಗಿರಬೇಕು. ಭಾವನ ಕೆಳಗೆ ಬೆರಳ ತುದಿಯೂ ಹೋಗಲಿಲ್ಲ. ಪಕ್ಕದಿಂದ ಬಗ್ಗಿ ನೋಡಿದರೆ ಎದೆಗಿಂತ ಸೊಂಟ ಕೆಳಗಿತ್ತು. ಮೈಯಲ್ಲಿ ಹೆಚ್ಚು ಭಾರ ಸೇರಿರುವುದೇ ಹೊಟ್ಟೆ, ಸೊಂಟದ ಸುತ್ತ. ಆ ಭಾರಕ್ಕೆ ಹಾಸಿಗೆ ಸೋತಿತ್ತು.

ಫೋಮಿನವನಿಗೆ ಎಲ್ಲ ರೋಗವೂ ಫೋಮಿನದ್ದೇ. ಮೆಮೊರಿ ಫೋಮಿನ ಕೆಳಗಿರುವ ಆ 3 ಸೆಂ.ಮೀ. ಪದರದಲ್ಲಿ ಸತ್ವವಿಲ್ಲ, ಎರಡು ವಾರಕ್ಕೇ ಸೋತುಹೋಗಿದೆ ಎಂದು ತೀರ್ಪು ಕೊಟ್ಟೆ. ದಿನವೂ ಬೆಳಿಗ್ಗೆ ನೋವಿಗೆ ಹತ್ತಕ್ಕೆ ಅಂಕ ಬರೆದಿಡಿ, ಹದಿನೈದು ದಿನದ ಪಟ್ಟಿ ಕೈಯಲ್ಲಿದ್ದರೆ ಕಂಪನಿಗೆ ಬರೆಯಬಹುದು ಎಂದೆ. ಭಾವ ಶಿಸ್ತಿನ ಮನುಷ್ಯ, ಬರೆದರು: 5, 6, 5, 6, 6. ನಾನು ದೂರಿನ ಪತ್ರದ ಕರಡನ್ನೂ ಮಾಡಿಕೊಟ್ಟೆ. ಬಹಳ ಗತ್ತಿನ ಪತ್ರ.

ಆ ಪತ್ರ ಹೋಗದೆ ಉಳಿದದ್ದು ನನ್ನ ಅಳತೆಯಿಂದಲೇ. ಫೋಮ್ ಸೋತು ಗುಳಿ ಬಿದ್ದಿದ್ದರೆ ಯಾರೂ ಮಲಗದಿದ್ದಾಗಲೂ ಗುಳಿ ಕಾಣಬೇಕು. ಪತ್ರಕ್ಕೆ ಒಂದು ಅಂಕಿ ಸೇರಿಸೋಣವೆಂದು 27ನೇ ದಿನ ಪರದೆಯ ಅಲ್ಯೂಮಿನಿಯಂ ಕೋಲನ್ನು ಹಾಸಿಗೆಗೆ ಅಡ್ಡಲಾಗಿಟ್ಟು, ಕೆಳಗಿನ ಸಂದಿಯನ್ನು ಸ್ಕೇಲಿನಿಂದ ಅಳೆದೆ. ಎಲ್ಲಿ ಇಟ್ಟರೂ 2, 3 ಮಿ.ಮೀ. ಅಷ್ಟೆ. ಹಾಸಿಗೆ ಸಪಾಟಾಗಿತ್ತು. ಅದೇ ಭಾವ ಮಲಗಿದಾಗ ಮಾತ್ರ ಸೊಂಟ ಪಾತಾಳಕ್ಕೆ.

ಮೊಬೈಲ್ ಟಾರ್ಚ್ ಹಚ್ಚಿಕೊಂಡು ಮಂಚದ ಕೆಳಗೆ ನುಸುಳಿದೆ. “ಭಾವ, ಈಗ ಮಲಗಿ” ಎಂದೆ. ತಲೆಯ ಮೇಲಿದ್ದ ಮರದ ಪಟ್ಟಿಗಳು ಕಿರ್ ಎಂದು ಎರಡು ಬೆರಳಷ್ಟು ಕೆಳಗೆ ಬಾಗಿದವು. ಪಟ್ಟಿ ಪಟ್ಟಿಗಳ ನಡುವೆ ಅಂಗೈ ಮಡಚದೆ ತೂರುವಷ್ಟು ಜಾಗ, ಅಳೆದರೆ 11 ಸೆಂ.ಮೀ. ಆ ಸಂದಿಗಳಲ್ಲಿ ಹಾಸಿಗೆಯ ತಳ ಹೊಟ್ಟೆ ಬಿಟ್ಟುಕೊಂಡು ಇಳಿದಿತ್ತು. ಮಂಚದ ನಡುವಿನ ಉದ್ದ ತೊಲೆಗೆ ಕಾಲೇ ಇಲ್ಲ. ಹಾಸಿಗೆಯ ಜೊತೆ ಬಂದಿದ್ದ ಪುಸ್ತಿಕೆಯಲ್ಲಿ ಪಟ್ಟಿಗಳ ಅಂತರ 7 ಸೆಂ.ಮೀ. ಮೀರಬಾರದು, ನಡುವೆ ಆಸರೆ ಇರಬೇಕು ಎಂದು ಬರೆದಿತ್ತು. ಅದನ್ನು ನಾನೂ ಓದಿರಲಿಲ್ಲ, ಅವರೂ ಓದಿರಲಿಲ್ಲ.

ಹಳೆಯ ಹಾಸಿಗೆಯಲ್ಲಿ ಇದು ಯಾಕೆ ಗೊತ್ತಾಗಿರಲಿಲ್ಲ? ಅದು ಹಳೇ ಕಾಲದ ಬಾನೆಲ್ ಸ್ಪ್ರಿಂಗಿನದು. ಅದರಲ್ಲಿ ಸ್ಪ್ರಿಂಗುಗಳನ್ನೆಲ್ಲ ತಂತಿಯಿಂದ ಒಂದಕ್ಕೊಂದು ಹೆಣೆದಿರುತ್ತಾರೆ. ಇಡೀ ಜಾಲ ಒಂದೇ ಚೌಕಟ್ಟಿನ ಹಾಗೆ ಸಂದಿಯ ಮೇಲೆ ಸೇತುವೆ ಕಟ್ಟಿ ನಿಲ್ಲುತ್ತದೆ. ಪಾಕೆಟ್ ಸ್ಪ್ರಿಂಗಿನಲ್ಲಿ ಒಂದೊಂದೂ ಸ್ವತಂತ್ರ. ಕೆಳಗೆ ನೆಲವಿದ್ದರೆ ನಿಲ್ಲುತ್ತದೆ, ಸಂದಿಯಿದ್ದರೆ ಸಂದಿಗೆ ಇಳಿಯುತ್ತದೆ.

ಅಂದು ರಾತ್ರಿಯೇ ಹಾಸಿಗೆಯನ್ನು ನೆಲಕ್ಕಿಳಿಸಿದೆವು. ನಾಲ್ಕನೇ ಬೆಳಿಗ್ಗೆ ಭಾವನ ನೋವಿನ ಪಟ್ಟಿಯಲ್ಲಿ 2 ಎಂದಿತ್ತು, ಏಳನೆಯ ದಿನ 1. ಅಂಗೈ ತೂರಿಸಿದರೆ ಬಿಗಿಯಾಗಿ ಹೋಗಿ, ಎಳೆದರೆ ಬಂತು. ಅವರ ತೂಕಕ್ಕೆ ಮೇಲಿನ 4 ಸೆಂ.ಮೀ. ಮೆಮೊರಿ ಫೋಮ್ ಒಂದು ಲೆಕ್ಕವೇ ಅಲ್ಲ. ಅದನ್ನು ದಾಟಿಕೊಂಡು ಅವರು ಮಲಗುವುದು ನೇರ ಸ್ಪ್ರಿಂಗಿನ ಮೇಲೆ. ಆ ಸ್ಪ್ರಿಂಗು ಒಳ್ಳೆಯದಿತ್ತು.

ಪತ್ರ ಹರಿದು ಹಾಕಿದೆ. ಅಕ್ಕ ನೋಡಿ ನಕ್ಕಳು. ಆದರೆ ಅವಳ ತೋಳು ಇನ್ನೂ ಜೋರಾಗಿ ಜೋಮು ಹಿಡಿಯತೊಡಗಿತ್ತು.

ಅಕ್ಕ: 54 ಕಿಲೋ, ಮಗ್ಗುಲು

ಇದನ್ನು ನಾನು ನಿರೀಕ್ಷಿಸಿರಲಿಲ್ಲ. ಭಾವನಿಗೆ ಶತ್ರುವಾಗಿದ್ದ ಆ ಬಾಗುವ ಪಟ್ಟಿಗಳು ಅಕ್ಕನಿಗೆ ಇಷ್ಟು ದಿನ ಒಂದಿಷ್ಟು ಉಪಕಾರ ಮಾಡುತ್ತಿದ್ದವು. ನೆಲದ ಮೇಲೆ ಆ ಬಾಗೂ ಇಲ್ಲವಾಯಿತು. ಮಂಚಕ್ಕೆ ನಡುವೆ ಎರಡು ಕಾಲು, ಸಂದಿಗೊಂದು ಹೊಸ ಪಟ್ಟಿ ಹಾಕಿಸಿ 36ನೇ ದಿನ ಹಾಸಿಗೆಯನ್ನು ಮತ್ತೆ ಮೇಲಕ್ಕೆ ಹತ್ತಿಸಿದ ಮೇಲೂ ಅವಳ ಸ್ಥಿತಿ ಅಷ್ಟೇ. ಹೊಸ ಫೋಮ್ ಮೊದಲ ನಾಲ್ಕೈದು ವಾರದಲ್ಲಿ ಸ್ವಲ್ಪ ಸಡಿಲವಾಗುತ್ತದೆ, ಅದು ಆಗಿಯೂ ಇತ್ತು. ದಿನಾ ಇದ್ದ ಜೋಮು ವಾರಕ್ಕೆ ನಾಲ್ಕು ಸಲಕ್ಕೆ ಇಳಿದು ಅಲ್ಲೇ ನಿಂತಿತು.

ಮಗ್ಗುಲಾಗಿ ಮಲಗುವವರ ಭಾರ ಮುಖ್ಯವಾಗಿ ಎರಡು ಕಡೆ ಕೂರುತ್ತದೆ, ಭುಜ ಮತ್ತು ಸೊಂಟದ ಮೂಳೆ. ಅವೆರಡೂ ಅಗಲದಲ್ಲಿ ಚಿಕ್ಕವು, ಮೂಳೆ ಚರ್ಮಕ್ಕೆ ಹತ್ತಿರ. ಅವು ಹಾಸಿಗೆಗೆ ಇಳಿಯಬೇಕು, ಅವೆರಡರ ನಡುವಿನ ಟೊಳ್ಳನ್ನು ಹಾಸಿಗೆ ತುಂಬಬೇಕು. ಇಳಿಯದಿದ್ದರೆ ಆ ಎರಡು ಕಡೆಯ ಒತ್ತಡಕ್ಕೆ ನರ, ರಕ್ತನಾಳ ಸಿಕ್ಕಿ ತೋಳು ಮರಗಟ್ಟುತ್ತದೆ.

ಇದನ್ನು ಕಣ್ಣಿಗೆ ಕಾಣಿಸಲು ನಾನು ಮಾಡುವುದು ಸುಲಭದ ಕೆಲಸ. ಮೈಗಂಟುವ ಟೀ ಶರ್ಟ್ ಹಾಕಿಕೊಂಡವರ ಬೆನ್ನುಮೂಳೆಯ ಮೇಲೆ, ಕತ್ತಿನ ಬುಡದಿಂದ ಸೊಂಟದವರೆಗೆ ಐದು ಕಡೆ ದುಂಡು ಸ್ಟಿಕರ್ ಅಂಟಿಸುವುದು. ಎಂದಿನಂತೆ ಮಲಗಲು ಹೇಳಿ, ಹತ್ತು ನಿಮಿಷ ಬಿಟ್ಟು, ಹಿಂದಿನಿಂದ ಹಾಸಿಗೆಯ ಮಟ್ಟದಲ್ಲಿ ಮೊಬೈಲ್ ಹಿಡಿದು ಫೋಟೊ ತೆಗೆಯುವುದು. ಹತ್ತು ನಿಮಿಷ ಯಾಕೆಂದರೆ ಮೆಮೊರಿ ಫೋಮ್ ಮೈಯ ಬಿಸಿಗೆ ಮೆತ್ತಗಾಗಲು ಹೊತ್ತು ಬೇಕು. ಐದೂ ಚುಕ್ಕಿ ಒಂದೇ ಗೆರೆಯಲ್ಲಿ ಕಂಡರೆ ಹಾಸಿಗೆ ಒಗ್ಗಿದೆ. ಅಕ್ಕನ ಚುಕ್ಕಿಗಳು ಬಟ್ಟೆ ಒಣಹಾಕುವ ಹಗ್ಗದ ಹಾಗೆ ಜೋಲು ಬಿದ್ದಿದ್ದವು. ಎರಡು ತುದಿಯಲ್ಲಿ ಭುಜವೂ ಸೊಂಟವೂ ಮೇಲೆ, ನಡು ಕೆಳಗೆ.

54 ಕಿಲೋ ಮೈ ಮೆಮೊರಿ ಫೋಮನ್ನು ದಾಟಿ ಕೆಳಗೆ ಹೋಗುವುದೇ ಇಲ್ಲ. ಸ್ಪ್ರಿಂಗಿಗೆ ಅವಳು ಮಲಗಿದ್ದಾಳೆ ಎಂಬ ಸುದ್ದಿಯೂ ಮುಟ್ಟುವುದಿಲ್ಲ. ಚೀಟಿಯ ಮೀಡಿಯಂ ಫರ್ಮ್ ಅವಳ ಪಾಲಿಗೆ ಗಡಸು. ಅದೇ ಮಂಚದ ಆ ಕಡೆ ಭಾವನಿಗೆ ಅದು ಮಧ್ಯಮಕ್ಕಿಂತ ಒಂದು ಕೂದಲು ಮೆತ್ತಗೆ. ಗಂಡಹೆಂಡಿರ ತೂಕದಲ್ಲಿ 44 ಕಿಲೋ ವ್ಯತ್ಯಾಸ ಇರುವಾಗ ಒಂದೇ ಅಂಕಿ ಇಬ್ಬರಿಗೂ ಹೇಗೆ ಹೊಂದೀತು?

ಎರಡು ಸಿಂಗಲ್ ಹಾಸಿಗೆ ತಂದು ಜೋಡಿಸಿ ಅಂದೆ. ನಡುವಿನ ಸಂದಿ ಅಕ್ಕನಿಗೆ ಒಪ್ಪಿಗೆಯಾಗಲಿಲ್ಲ. ಅವಳ ಅರ್ಧಕ್ಕೆ ಮಾತ್ರ ಮೆತ್ತನೆಯ ಪದರ ಹಾಕಿದರೆ ನಡುವೆ ಮೆಟ್ಟಿಲು ಏಳುತ್ತದೆ. ಉಳಿದದ್ದು ಇಡೀ ಹಾಸಿಗೆಗೆ ತೆಳುವಾದ ಮೆತ್ತನೆಯ ಪದರ. ಅದನ್ನು ಹಾಕಿ ಭಾವನ ಸೊಂಟ ಮತ್ತೆ ಕೆಟ್ಟರೆ?

ಕೆಡುವುದಿಲ್ಲ ಎಂದು ನನ್ನ ಲೆಕ್ಕ ಹೇಳುತ್ತಿತ್ತು. ತೆಳು ಪದರವನ್ನು 98 ಕಿಲೋ ಮೈ ಪೂರ್ತಿ ಒತ್ತಿ ಹಾಕುತ್ತದೆ, ಒತ್ತಿದ ಮೇಲೆ ಅದು ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ. ಹಗುರ ಮೈಗೆ ಮಾತ್ರ ಅದು ಪೂರ್ತಿ ದಕ್ಕುತ್ತದೆ. ಆದರೆ ನನ್ನ ಲೆಕ್ಕದ ಮೇಲೆ ಆ ಮನೆಯಲ್ಲಿ ಆಗಲೇ ಯಾರಿಗೂ ನಂಬಿಕೆ ಉಳಿದಿರಲಿಲ್ಲ. ಹಾಗಾಗಿ ಹಣ ಖರ್ಚು ಮಾಡುವ ಮುಂಚೆ 46ನೇ ರಾತ್ರಿ ಅಕ್ಕ ಒಂದು ದಪ್ಪ ರಜಾಯಿಯನ್ನು ಎರಡು ಮಡಿಕೆ ಮಾಡಿ ಬೆಡ್‌ಶೀಟಿನ ಅಡಿಗೆ ಹಾಸಿದಳು. ಭಾವನಿಗೆ ಹೇಳಲಿಲ್ಲ. ಮೂರು ಬೆಳಿಗ್ಗೆ ಅವರ ಪಟ್ಟಿಯಲ್ಲಿ 1, 1, 1. ನಾಲ್ಕನೇ ದಿನ ಬೆಡ್‌ಶೀಟ್ ಬದಲಿಸುವಾಗ ಅವರೇ ನೋಡಿ, “ಇದ್ಯಾಕೆ ಇಲ್ಲಿದೆ?” ಎಂದು ಕೇಳಿದರಂತೆ.

ಅಕ್ಕನಿಗೆ ಆ ಮೂರು ರಾತ್ರಿಯಲ್ಲಿ ಜೋಮು ಬಂದದ್ದು ಒಂದೇ ಸಲ. ಆದರೆ ಹೊಸದೊಂದು ಶುರುವಾಯಿತು, ಕತ್ತು ನೋವು. ಮತ್ತೆ ಚುಕ್ಕಿ ಅಂಟಿಸಿ ನೋಡಿದರೆ ಬೆನ್ನು ಗೆರೆ ಎಳೆದ ಹಾಗೆ ನೇರ, ತಲೆ ಮಾತ್ರ ಮೇಲಕ್ಕೆ ಬಾಗಿತ್ತು. ಭುಜ ಈಗ ಆಳಕ್ಕಿಳಿದಿತ್ತು. ದಿಂಬು ಮಾತ್ರ ಹಳೆಯ ಹಾಸಿಗೆಯ ಲೆಕ್ಕದ್ದೇ, 13 ಸೆಂ.ಮೀ. ಭುಜ ಎಷ್ಟು ಇಳಿಯಿತೋ ದಿಂಬೂ ಸುಮಾರು ಅಷ್ಟೇ ಇಳಿಯಬೇಕು. ಹಾಸಿಗೆ ಬದಲಿಸಿದವರು ಇದನ್ನು ಮರೆತು ಹಾಸಿಗೆಯನ್ನೇ ಬಯ್ಯುವುದನ್ನು ಎಷ್ಟೋ ಕಡೆ ನೋಡಿದ್ದೇನೆ. ದಿಂಬಿನ ಜಿಪ್ ತೆಗೆದು ಎರಡು ಹಿಡಿ ಫೈಬರ್ ಹೊರಗೆಳೆದೆವು, 10 ಸೆಂ.ಮೀ.ಗೆ ಬಂತು. ಮರುದಿನದ ಫೋಟೊದಲ್ಲಿ ಕತ್ತೂ ಸಾಲಿಗೆ ಸೇರಿತ್ತು. ವಾರದ ನಂತರ ರಜಾಯಿ ತೆಗೆದು 4 ಸೆಂ.ಮೀ. ದಪ್ಪದ ಮೆತ್ತನೆಯ ಲೇಟೆಕ್ಸ್ (ರಬ್ಬರ್ ಫೋಮ್) ಪದರ ತಂದು ಹಾಕಿದರು. ಲೇಟೆಕ್ಸ್ ಯಾಕೆ, ಇನ್ನೊಂದು ಮೆಮೊರಿ ಫೋಮ್ ಯಾಕಲ್ಲ ಅಂದರೆ, ಲೇಟೆಕ್ಸ್ ತಕ್ಷಣ ಪುಟಿಯುತ್ತದೆ, ಮಗ್ಗುಲು ಬದಲಿಸುವಾಗ ಹಿಡಿದಿಟ್ಟುಕೊಳ್ಳುವುದಿಲ್ಲ.

ಮಗಳು: 47 ಕಿಲೋ, ಬೋರಲು

ಇವಳ ಕತೆ ಚಿಕ್ಕದು. ಲೇಟೆಕ್ಸ್ ಪದರ ಬರುವ ಮುಂಚೆ, ಮಂಚ ರಿಪೇರಿಯಾದ ಮೇಲೆ, ಆರು ರಾತ್ರಿ ಅಪ್ಪ ಅಮ್ಮನ ಹಾಸಿಗೆಯಲ್ಲಿ ಮಲಗಿದಳು. ಬೋರಲಾಗಿ ಮಲಗುವವರಿಗೆ ಮೀಡಿಯಂ ಫರ್ಮ್ ಆಗಿಬರುವುದಿಲ್ಲ, ಸೊಂಟ ಕೆಳಗಿಳಿದು ಬೆನ್ನು ಹಿಂದಕ್ಕೆ ಬಾಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ, ನಾನೂ ಹೇಳಿದ್ದೆ. ಹದಿನಾರರ ಹುಡುಗಿ, 47 ಕಿಲೋ. ಸೊಂಟ ಇಳಿಯಲೇ ಇಲ್ಲ. ಇಳಿಸುವಷ್ಟು ತೂಕವೇ ಅವಳಲ್ಲಿಲ್ಲ. “ಮಾಮ, ನಂಗೆ ಇದೇ ಬೇಕು” ಎಂದಳು. ಹೋಲಿಸಿ ನೋಡಲು ಒಂದು ಮಧ್ಯಾಹ್ನ ಭಾವನನ್ನು ಬೋರಲು ಮಲಗಿಸಿದೆ. ಇಪ್ಪತ್ತು ನಿಮಿಷಕ್ಕೆ ಸೊಂಟ ಹಿಡಿದುಕೊಂಡು ಎದ್ದರು. ಮಲಗಿದ ಭಂಗಿ ಅದೇ, ಹಾಸಿಗೆ ಅದೇ, ಬದಲಾದದ್ದು ತೂಕ.

ಮಗಳಿಗೆ ನಾನು ಹೇಳಿದ್ದು ಒಂದೇ: ದಿಂಬು ತೆಗೆ, ಇಲ್ಲವೇ ತೆಳ್ಳಗಿನದು ಇಟ್ಟುಕೋ. ಬೋರಲು ಮಲಗಿದವರ ಕತ್ತು ಆಗಲೇ ಒಂದು ಕಡೆಗೆ ತಿರುಗಿರುತ್ತದೆ, ಅದನ್ನು ಎತ್ತರಕ್ಕೂ ಏರಿಸಬೇಕಾಗಿಲ್ಲ.

ಅತ್ತೆ: 66 ಕಿಲೋ, ಏಳುವುದೇ ಕಷ್ಟ

ಅಕ್ಕನ ಅತ್ತೆಗೆ 74. ನಾಲ್ಕು ರಾತ್ರಿ ಅದರ ಮೇಲೆ ಮಲಗಲು ಒಪ್ಪಿಸಿದ್ದೇ ದೊಡ್ಡ ಕೆಲಸ. ಮಲಗಿದಾಗಿನ ಬಗ್ಗೆ ಅವರಿಗೆ ದೂರಿಲ್ಲ. ಸೊಂಟಕ್ಕೆ ಹಾಯಾಗಿದೆ ಎಂದರು, ಚುಕ್ಕಿಯ ಫೋಟೊ ಕೂಡ ಚೆನ್ನಾಗಿ ಬಂತು. 66 ಕಿಲೋ, ಅಂಗಾತ ಮತ್ತು ಬಲಮಗ್ಗುಲು. ನನ್ನ ಅಳತೆ ಪ್ರಕಾರ ನಾಲ್ವರಲ್ಲಿ ಈ ಹಾಸಿಗೆ ಅತ್ಯಂತ ಸರಿಯಾಗಿ ಕೂಡಿಬಂದದ್ದು ಅವರಿಗೇ.

ಎರಡನೇ ಬೆಳಿಗ್ಗೆ ಅವರು ಏಳುವುದನ್ನು ಬಾಗಿಲಲ್ಲಿ ನಿಂತು ನೋಡಿದೆ. ಮೊದಲು ಮೊಣಕೈ ಊರಿದರು, ಅದು ಒಳಗಿಳಿಯಿತು. ಇನ್ನೊಂದು ಕೈ ಊರಿದರು, ಅದೂ ಇಳಿಯಿತು. ಚಳಿಯ ಬೆಳಗು. ಮೆಮೊರಿ ಫೋಮ್ ಚಳಿಗೆ ಬಿಗಿಯುತ್ತದೆ, ಮೈ ತಾಗಿ ಬಿಸಿಯಾದ ಕಡೆ ಮಾತ್ರ ತಗ್ಗಾಗಿರುತ್ತದೆ. ಹೊರಳಬೇಕೆಂದರೆ ತಮ್ಮದೇ ಮೈಯ ಅಚ್ಚಿನಿಂದ ಅವರು ಹತ್ತಿ ಹೊರಬರಬೇಕಿತ್ತು. ಕೊನೆಗೆ ಅಂಚಿಗೆ ಬಂದು ಕೂತರು. ಅಂಚು ಕುಸಿಯಲಿಲ್ಲ. ಅಲ್ಲಿ ದಪ್ಪ ತಂತಿಯ ಸ್ಪ್ರಿಂಗು ಹಾಕಿದ್ದಾರೆ, ಅದಕ್ಕೆ ಪೂರ್ತಿ ಅಂಕ. ಆದರೆ ಕಾಲು ನೆಲಕ್ಕೆ ತಾಗದೆ ಗಾಳಿಯಲ್ಲಿ ತೂಗುತ್ತಿತ್ತು. ಮಂಚ 30, ಹಾಸಿಗೆ 28, ಒಟ್ಟು 58 ಸೆಂ.ಮೀ. ಅವರ ಮೊಣಕಾಲಿನ ಎತ್ತರ 43. ಬೆರಳ ತುದಿಯಿಂದ ನೆಲ ಹುಡುಕುತ್ತ ಜಾರಿ ಇಳಿದರು. ನನ್ನ ಎದೆ ಧಸಕ್ ಅಂದಿತು.

“ಅಮ್ಮ, ಮಂಚ ಗಿಡ್ಡ ಮಾಡಿಸಿದರೆ ಆಗುತ್ತಾ?” ಎಂದು ಕೇಳಿದೆ.

“ಮಲಗೋಕೆ ಚೆನ್ನಾಗಿದೆಯಪ್ಪ. ಆದರೆ ನನಗೆ ರಾತ್ರಿ ಮೂರು ಸಲ ಏಳೋದಿರುತ್ತೆ. ನೀನು ಮಲಗೋದನ್ನೇ ಅಳೀತಿದ್ದೀಯ.”

ಅಲ್ಲಿಗೆ ಅವರ ಕೋಣೆಯ ಹಾಸಿಗೆ ಬದಲಿಸುವ ಮಾತು ಮುಗಿಯಿತು. 10 ಸೆಂ.ಮೀ. ದಪ್ಪದ ತಮ್ಮ ಹಳೆಯ ಗಡಸು ಹಾಸಿಗೆಗೆ ಅವರು ಮರಳಿದರು. ನನ್ನ ಪಟ್ಟಿಯಲ್ಲಿ ಏಳುವುದಕ್ಕೆ ಒಂದು ಸಾಲು ಇರಲಿಲ್ಲ, ಅವತ್ತು ಸೇರಿಸಿದೆ.

ಉಳಿದ ಚಿಲ್ಲರೆ

ಮೊದಲ ವಾರ ಹೊಸ ಫೋಮಿನ ವಾಸನೆ ಇತ್ತು, ಕಿಟಕಿ ತೆರೆದಿಟ್ಟ ಮೇಲೆ ಹೋಯಿತು. ಭಾವ ಸೆಕೆ ಎನ್ನುತ್ತಿದ್ದರು. ತಪ್ಪು ಹಾಸಿಗೆಯದ್ದಕ್ಕಿಂತ ಅದರ ಮೇಲೆ ಹಾಕಿದ್ದ ನೀರು ಇಳಿಯದ ಪ್ಲಾಸ್ಟಿಕ್ ಪದರದ ಕವರಿನದು. ಅದನ್ನು ತೆಗೆದು ಬಟ್ಟೆಯದು ಹಾಕಿದರೆ ಸ್ಪ್ರಿಂಗಿನ ನಡುವೆ ಗಾಳಿಯಾಡುತ್ತದೆ, ದೂರು ನಿಂತಿತು. ಅಲುಗಾಟದ ವಿಷಯದಲ್ಲಿ ಮಾತ್ರ ಹೈಬ್ರಿಡ್ ಯಾವ ತಕರಾರಿಗೂ ಎಡೆ ಕೊಡಲಿಲ್ಲ. ಭಾವ ಕೆಲಸಕ್ಕೆಂದು ನಾಲ್ಕೂವರೆಗೆ ಏಳುತ್ತಾರೆ. ಹಳೆಯ ಬಾನೆಲ್ ಹಾಸಿಗೆಯಲ್ಲಿ ಅವರು ಕಾಲು ಕೆಳಗಿಟ್ಟರೆ ಅಕ್ಕ ದೋಣಿಯಲ್ಲಿ ಕೂತವಳ ಹಾಗೆ ಏರಿಳಿಯುತ್ತಿದ್ದಳು. ಇದರಲ್ಲಿ ಅಕ್ಕನ ಕಡೆ ತುಂಬಿದ ನೀರಿನ ಬಟ್ಟಲಿಟ್ಟು ಭಾವನನ್ನು ಎಬ್ಬಿಸಿದೆ, ನೀರು ನಡುಗಿತು, ಚೆಲ್ಲಲಿಲ್ಲ. ಗೊರಕೆಗೆ ಮದ್ದು ಯಾವ ಹಾಸಿಗೆಯಲ್ಲೂ ಇಲ್ಲ.

92ನೇ ದಿನ ಅಕ್ಕ ತೀರ್ಮಾನ ಹೇಳಿದಳು: ಇದು ಇರಲಿ. ಮಗಳಿಗೆ ಇಂಥದ್ದೇ ಸಿಂಗಲ್ ಒಂದು. ಅತ್ತೆಯದ್ದು ಹಾಗೇ. ಕಂಪನಿಯವರು ಕಳಿಸಿದ ಅಭಿಪ್ರಾಯದ ಫಾರಂನಲ್ಲಿ “ಹಾಸಿಗೆ ಎಷ್ಟು ಗಟ್ಟಿ ಅನ್ನಿಸಿತು?” ಎಂದು ಕೇಳಿ ಒಂದೇ ಒಂದು ಚೌಕ ಕೊಟ್ಟಿದ್ದರು. ಭಾವ 5 ಬರೆದಿದ್ದರಂತೆ, ಅಕ್ಕ ಅದನ್ನು ಹೊಡೆದು 8 ಮಾಡಿ ಕಳಿಸಿದಳಂತೆ.

ಆರು ತಿಂಗಳಾದ ಮೇಲೆ ಹಾಸಿಗೆಯ ತಲೆಯ ಕಡೆಯನ್ನು ಕಾಲಿನ ಕಡೆಗೆ ತಿರುಗಿಸಲು ನಾನೇ ಹೋಗಿದ್ದೆ. ಹೈಬ್ರಿಡನ್ನು ಮಗುಚಿ ಹಾಕುವಂತಿಲ್ಲ, ಮೆತ್ತನೆಯ ಮೈ ಒಂದೇ ಕಡೆ. ಹೀಗೆ ಸುತ್ತ ತಿರುಗಿಸಬಹುದು ಅಷ್ಟೆ. ತಿರುಗಿಸುವ ಮುಂಚೆ ಕೋಲು ಇಟ್ಟು ಅಳೆದೆ. ಭಾವ ಮಲಗುವ ಕಡೆ 7 ಮಿ.ಮೀ. ತಗ್ಗು, ಅಕ್ಕನ ಕಡೆ 2. ಏಳು ಮಿಲಿಮೀಟರಿಗೆ ಯಾರ ಬೆನ್ನೂ ಕೆಡುವುದಿಲ್ಲ. ತಿರುಗಿಸಿದ ಮೇಲೆ ಭಾವ ಮಲಗಿ ಹದ ಮಾಡಿದ ಭಾಗ ಅಕ್ಕನ ಕಡೆಗೆ ಬಂತು.

ನಾಲ್ಕು ದಿನ ಬಿಟ್ಟು ಫೋನ್ ಬಂತು. “ಏನೋ ಮಾಡಿದ್ದೀಯ ನೀನು. ಭುಜಕ್ಕೆ ಇಷ್ಟು ಹಿತ ಯಾವತ್ತೂ ಇರಲಿಲ್ಲ. ಇವರೇ ಆರು ತಿಂಗಳು ತುಳಿದು ಮೆತ್ತಗೆ ಮಾಡಿಟ್ಟ ಹಾಗಿದೆ.”

98 ಕಿಲೋ ಭಾರಕ್ಕೆ ಫೋಮ್ ಹೆಚ್ಚು ಸಡಿಲವಾಗಿತ್ತು. 54 ಕಿಲೋ ಆರು ತಿಂಗಳಲ್ಲಿ ಮಾಡಲಾಗದ್ದನ್ನು ಅದು ಮಾಡಿತ್ತು. ಭಾವ ಏನಂತಾರೆ ಅಂತ ಕೇಳಿದೆ. ಅವರಿಗೆ ಈಗ ಅಕ್ಕ ಬಿಟ್ಟುಹೋದ ಹೊಸತರಂಥ ಭಾಗ ಸಿಕ್ಕಿತ್ತು, ಸೊಂಟಕ್ಕೆ ಇನ್ನೂ ಬಿಗಿಯಾಗಿದೆಯಂತೆ.

“ಹಾಗಾದರೆ ಆ ಲೇಟೆಕ್ಸ್ ತೆಗೆದು ನೋಡಲಾ?” ಎಂದಳು ಅಕ್ಕ.

“ತೆಗಿ. ಆದರೆ ದಿಂಬಿಗೆ ಆ ಎರಡು ಹಿಡಿ ವಾಪಸ್ ತುಂಬಿಸಬೇಕಾಗಬಹುದು. ಇಟ್ಟಿದ್ದೀಯ ತಾನೇ?”

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಒಳಗೆ ಕಪಾಟಿನ ಬಾಗಿಲು ತೆರೆದ ಸದ್ದು.